ಮೂವತ್ತೆರಡು ನಿಮಿಷದ ಹೈದರಾಬಾದು

ಕಾರಿನ ಟೈರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ ಎಂಬುದು ಅಲ್ಲೇ, ಆಗಲೇ ಗೊತ್ತಾಗಬಹುದಿತ್ತು. ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಹಾಕಿ ನಡೆದು ಹೊರಟವರಿಂದ ನ್ಯಾಮತಿಯ ರಸ್ತೆ ತುಂಬಿ, ನಮ್ಮ ಕಾರೂ ಅವರ ಹಿಂದೆ ಭಕ್ತಿಯಿಂದ ಹೆಜ್ಜೆ ಹಾಕಬೇಕಾಗಬಹುದಿತ್ತು. ಶಿವಮೊಗ್ಗದ ವಿಮಾನ ನಿಲ್ದಾಣದ ಮೇಲೆ ಮಂಜು ಕವಿದು, ವಿಮಾನ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗಬಹುದಿತ್ತು. ದರ್ಜಿ ಖಲೀಲ್ ಸಾಬರು ಆಧಾರ್ ಕಾರ್ಡನ್ನು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲೇ ಬಿಟ್ಟಿರಬಹುದಿತ್ತು. ಅಥವಾ ಮೂವತ್ತು ವರ್ಷದ ಅಭ್ಯಾಸದಂತೆ ದೊಡ್ಡ ಕತ್ತರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಂದು, ಗೇಟಿನಲ್ಲಿ ಪೊಲೀಸರ ಕೈಗೆ ಸಿಗಬಹುದಿತ್ತು. ಅವರ ಹೆಂಡತಿ ಹಸೀನಮ್ಮನವರ ಮಂಡಿ ಕಾರಿನಿಂದ ಇಳಿಯುವಾಗಲೇ ಹಿಡಿದುಕೊಳ್ಳಬಹುದಿತ್ತು. ಮಾವಿನ ಉಪ್ಪಿನಕಾಯಿಯ ಡಬ್ಬಿ ಸೋರಿ ಅದರ ಎಣ್ಣೆ ಯಾತ್ರೆಯ ಬಿಳಿ ಬಟ್ಟೆಗೆ ಇಳಿಯಬಹುದಿತ್ತು. ಇಷ್ಟೆಲ್ಲ ದಾಟಿ ವಿಮಾನ ಏರಿದರೂ, ಪಕ್ಕದ ಸೀಟಿನವರಿಗೆ ಎದೆನೋವು ಬಂದು ಎಲ್ಲರನ್ನೂ ನಡುದಾರಿಯಲ್ಲಿ ಬೇರೆ ಊರಿನಲ್ಲಿ ಇಳಿಸಬಹುದಿತ್ತು.

ಇದು ಆ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ನಾನು ಯೋಚಿಸಿದ್ದು. ಸ್ನಾನ ಮಾಡುವಾಗ ಯೋಚಿಸಿದ್ದು ಬೇರೆಯೇ ಇದೆ. "ಚಿಂತೆ ಮಾಡಾಕೆ ಸರ್ಕಾರ ಸಂಬಳ ಕೊಡಂಗಿದ್ರೆ ನೀವು ಇಷ್ಟೊತ್ತಿಗೆ ಡೈರೆಕ್ಟರ್ ಆಗಿರ್ತಿದ್ರಿ" ಎನ್ನುತ್ತಾಳೆ ನನ್ನ ಹೆಂಡತಿ. ನಾನು ಇನ್ನೂ ಹೊನ್ನಾಳಿಯ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರಾಗಿಯೇ ಇದ್ದೇನೆ.

ಮೇಲೆ ಹೇಳಿದ್ದರಲ್ಲಿ ಯಾವುದೂ ಆಗಲಿಲ್ಲ. ಆದರೆ ಇಷ್ಟೆಲ್ಲ ಆಗಬಹುದಾದ ಸ್ಥಿತಿಗೆ ಒಂದು ಬಡ ಮುದಿ ಜೋಡಿಯನ್ನು ತಂದು ನಿಲ್ಲಿಸಿದ ಮಹಾಶಯರ ವಿಷಯ ಹೇಳಲೇಬೇಕು. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟರು ಹೋದ ತಿಂಗಳು ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನನ್ನ ಕೈಗೂ ಮೈಕು ಕೊಟ್ಟರು. "ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ" ಎಂದು ಹೇಳಿ ಕೂತುಬಿಟ್ಟೆ. ಚಪ್ಪಾಳೆ ಬಿತ್ತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂದು ಹೇಳದೆ ಉಳಿದದ್ದು ಇಲ್ಲಿದೆ. ಬರೆಯುವಾಗ ಅವರನ್ನು 'ಅವರು' ಎಂದೇ ಬರೆಯುತ್ತೇನೆ. ಆ ಬಹುವಚನ ಬಿಟ್ಟರೆ ಅವರಿಗೆ ಕೊಡಲು ನನ್ನ ಹತ್ತಿರ ಬೇರೆ ಮರ್ಯಾದೆ ಇಲ್ಲ.

ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಆರಿಂಚಿನ ಸ್ಟೀಲು ಸ್ಕೇಲು ಇರುತ್ತಿತ್ತು. ಬೆನ್ನು ತುರಿಸಲು ಅದೇ, ಟೀಗೆ ಸಕ್ಕರೆ ಕದಡಲು ಅದೇ, ಹುಡುಗರ ಗೆಣ್ಣಿಗೆ ಕೊಡಲು ಅದೇ, ಭಾರತವನ್ನು ಅಳೆಯಲೂ ಅದೇ. ಸ್ಟಾಫ್ ರೂಮಿನ ಗೋಡೆಯಲ್ಲಿ ಒಂದು ಹಳೆಯ ಭಾರತದ ನಕ್ಷೆ. ಲಕ್ಷದ್ವೀಪವನ್ನು ಇಲಿ ತಿಂದಿತ್ತು. ಯಾರಾದರೂ ಯಾವುದಾದರೂ ಊರಿಗೆ ಹೊರಟಿದ್ದೇನೆ ಎಂದರೆ ಸಾಕು, ಮೇಷ್ಟರು ಎದ್ದು ಹೋಗಿ, ಎಡಗಣ್ಣು ಮುಚ್ಚಿ, ನಕ್ಷೆಯ ಮೇಲೆ ಸ್ಕೇಲು ಇಟ್ಟು, ತುಟಿಯಲ್ಲೇ ಗುಣಾಕಾರ ಮಾಡಿ, ಕೊನೆಗೆ ಸ್ಕೇಲಿನಿಂದ ಆ ಊರಿನ ತಲೆಗೆ ಒಂದು ಸಲ 'ಟಕ್' ಎಂದು ಹೊಡೆದು ದೂರ ಹೇಳುತ್ತಿದ್ದರು. ಅದು ಕಾಗೆ ಹಾರುವ ದೂರ. ಬಸ್ಸಿನಲ್ಲಿ ಅಷ್ಟಾಗುವುದಿಲ್ಲವಲ್ಲ ಸಾರ್, ದಾರಿ ಸುತ್ತು ಇದೆಯಲ್ಲ ಎಂದರೆ ಕನಿಕರದಿಂದ ನೋಡುತ್ತಿದ್ದರು.

"ದಾರಿ ಅನ್ನೋದು ದೇವರು ಮಾಡಿದ್ದಲ್ರೀ, ಕಾಂಟ್ರಾಕ್ಟರ್ ಮಾಡಿದ್ದು. ದೂರ ದೇವರು ಮಾಡಿದ್ದು."

ನಾನು ಮತ್ತೂ ಏನಾದರೂ ಅಂದರೆ, "ನೀವು ಸುಮ್ನಿರ್ರಿ. ಕನ್ನಡ ಮೇಷ್ಟ್ರಿಗೆ ದೂರ ಅಂದ್ರೆ ವಿರಹ. ನಮಗೆ ಕಿಲೋಮೀಟರು."

ಮೊದಲು ಅವರು ಜಗಳೂರಿನಲ್ಲಿದ್ದರಂತೆ. ಅಲ್ಲಿಂದ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಪ್ರವಾಸ ಕರೆದುಕೊಂಡು ಹೊರಟಾಗ, ಡ್ರೈವರನ ಪಕ್ಕದಲ್ಲಿ ಕೂತು, ನಕ್ಷೆಯಲ್ಲಿ ಎಳೆದ ಗೆರೆಯ ಪ್ರಕಾರ ಬಸ್ಸನ್ನು ತಿರುಗಿಸುತ್ತಾ ಹೋಗಿ, ಕೊನೆಗೆ ಒಂದು ಶೇಂಗಾದ ಹೊಲದ ಬದುವಿಗೆ ತಂದು ಮುಟ್ಟಿಸಿದ್ದರು. ಹೊಲದ ಯಜಮಾನ ಸೊಂಟದ ಮೇಲೆ ಕೈಯಿಟ್ಟು, "ಏನ್ ಸಾರ್, ಮ್ಯಾಗಿಂದ ಇಳಿದ್ರಾ?" ಎಂದು ಕೇಳಿದನಂತೆ. ಇದನ್ನು ಬೇರೆ ಯಾರಾದರೂ ಆಗಿದ್ದರೆ ಸಾಯುವ ತನಕ ಮುಚ್ಚಿಡುತ್ತಿದ್ದರು. ಇವರು ವರ್ಷಕ್ಕೆರಡು ಸಲ ತಾವೇ ಹೇಳಿಕೊಂಡು ನಗುತ್ತಿದ್ದರು. "ನನ್ನ ಗೆರೆ ಸರಿಯಾಗೇ ಇತ್ತು, ಹೊಲ ಅಡ್ಡ ಬಂತು."

ಅವರ ಹೆಂಡತಿಯ ತವರು ಚನ್ನಗಿರಿ. ಗಂಡ ಎನಿಸಿಕೊಂಡವರು ಅಲ್ಲಿಗೆ ಕಾಲಿಟ್ಟು ಎಷ್ಟೋ ವರ್ಷಗಳಾದವು. ಹೊನ್ನಾಳಿಯಿಂದ ಚನ್ನಗಿರಿಗೆ ಗೆರೆ ಎಳೆದರೆ ಕೂಗಳತೆ, ಬಸ್ಸಿನವರು ಊರೂರು ಸುತ್ತಿಸಿ ಮೋಸ ಮಾಡುತ್ತಾರೆ, ಆ ಮೋಸಕ್ಕೆ ನಾನು ಟಿಕೆಟ್ ತಗೊಳ್ಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಮಾವ ತೀರಿಕೊಂಡಾಗಲೂ ಆ ತಾಯಿ ಒಬ್ಬರೇ ಬಸ್ ಹತ್ತಿದರು. ಒಮ್ಮೆ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದವರು ನನ್ನ ಹೆಂಡತಿಯ ಹತ್ತಿರ ನಗುತ್ತಲೇ ಹೇಳಿದ್ದರು: "ನಮ್ಮನೆಯವರ ಲೆಕ್ಕದಾಗೆ ನಮ್ಮ ತವರು ಭಾಳ ಹತ್ರ ಐತಮ್ಮ. ಹತ್ರ ಇರೋ ಊರಿಗೆ ಯಾರು ಹೋಗ್ತಾರೆ?"

ಇಂಥ ಮನುಷ್ಯ ಒಂದು ಸಣ್ಣ ಊರಿನಲ್ಲಿ ತನ್ನ ಪಾಡಿಗೆ ತಾನು ಇದ್ದುಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣವಾಯಿತು. ನಮ್ಮಿಂದ ಕಾರಿನಲ್ಲಿ ಹೋಗಿ ಮುಟ್ಟುವಷ್ಟು ಹತ್ತಿರ. ಅಲ್ಲಿಯವರೆಗೆ ವಿಮಾನವನ್ನು ಕತ್ತೆತ್ತಿ ಮಾತ್ರ ನೋಡಿದ್ದ ಜನ ಹತ್ತಿ ಕೂರುವ ಮಾತಾಡತೊಡಗಿದರು. ಕಾಂಟ್ರಾಕ್ಟರನಿಲ್ಲದ ದಾರಿ ಒಂದು ಕೊನೆಗೂ ಸಿಕ್ಕಿತು ಎಂದು ಮೇಷ್ಟರಿಗೆ ಇಪ್ಪತ್ತು ವರ್ಷ ಪ್ರಾಯ ಬಂತು. ವಿಮಾನವೆಂದರೆ ಗಂಟೆಗೆ ಒಂಬೈನೂರು ಕಿಲೋಮೀಟರು ಎಂದು ಯಾವ ಕಾಲದಲ್ಲೋ ಎಲ್ಲೋ ಓದಿದ್ದರು. ಇನ್ನು ಬೇಕಾದದ್ದು ಸ್ಕೇಲು ಮಾತ್ರ.

"ಬೆಂಗಳೂರಾ? ಹದಿನಾರು ನಿಮಿಷ. ಬಸ್‌ಸ್ಟ್ಯಾಂಡಿಂದ ನಿಮ್ಮನೆಗೆ ನಡೆಯಾಕೆ ಅದಕ್ಕಿಂತ ಜಾಸ್ತಿ ಬೇಕು."

"ತಿರುಪತಿ? ಇಪ್ಪತ್ತೆಂಟು. ಇಲ್ಲಿ ಗೋವಿಂದ ಅಂದ್ರೆ ಅಲ್ಲಿ ಗೋವಿಂದ."

"ಹೈದರಾಬಾದು ಮೂವತ್ತೆರಡು. ಬರೆದಿಟ್ಕೊಳ್ರಿ."

ಅವರು ಜೀವಮಾನದಲ್ಲಿ ವಿಮಾನ ಹತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಸಾಸ್ವೆಹಳ್ಳಿಯ ಕಡೆಯ ರೈತರೊಬ್ಬರು ಇವರ ಮಾತು ಕೇಳಿ, ಬಸ್ಸಿಗೆ ಹೋಗುವಂತೆ ವಿಮಾನಕ್ಕೂ ಹತ್ತು ನಿಮಿಷ ಮುಂಚೆ ಹೋಗಿ, ಗೇಟಿನಿಂದಲೇ ವಾಪಸು ಬಂದರು. ಮೇಷ್ಟರ ಮೇಲೆ ಸಿಟ್ಟಾಗಿರಬೇಕಲ್ಲ ಎಂದು ನಾನು ಆಸೆಯಿಂದ ಹೋಗಿ ವಿಚಾರಿಸಿದೆ. "ಇಲ್ಲ ಬುಡ್ರಿ ಸಾರ್. ಮೇಷ್ಟ್ರ ಲೆಕ್ಕ ಸರಿ ಇತ್ತು, ನಾನೇ ಕಾರಿಂದ ನಿಧಾನ ಇಳಿದೆ" ಎಂದರು. ತಪ್ಪು ಹೇಳುವವನು ಗಟ್ಟಿಯಾಗಿ ಹೇಳಿದರೆ ನಮ್ಮ ಕಡೆಯ ಜನ ತಪ್ಪನ್ನು ತಾವೇ ಹಂಚಿಕೊಳ್ಳುತ್ತಾರೆ.

ಖಲೀಲ್ ಸಾಬರು ನಮ್ಮ ಪಕ್ಕದ ಮನೆಯವರು. ನಮ್ಮ ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುವವರು ಅವರೇ. ಅವರೂ ಅವರ ಹೆಂಡತಿ ಹಸೀನಮ್ಮನವರೂ ಉಮ್ರಾ ಯಾತ್ರೆಗೆ ಮಕ್ಕಾಕ್ಕೆ ಹೋಗಬೇಕೆಂದು ಹೊರಟು ಎರಡು ಸಲ ನಿಂತಿದ್ದರು. ಒಮ್ಮೆ ಆಕೆಯ ಮಂಡಿ ಆಪರೇಷನ್ನು, ಒಮ್ಮೆ ಇವರದೇ ಕಾಮಾಲೆ. ಈ ಸಲ ಹಸೀನಮ್ಮನವರ ತಮ್ಮ ಹೈದರಾಬಾದಿನಲ್ಲಿ ಒಂದು ಗುಂಪಿನ ಜೊತೆ ಇವರಿಬ್ಬರನ್ನೂ ಸೇರಿಸಿದ್ದ. ಪಾಸ್‌ಪೋರ್ಟು, ವೀಸಾ ಎಲ್ಲ ಗುಂಪಿನ ಮುಖಂಡನ ಕೈಯಲ್ಲಿ. ಸಂಜೆ ಐದಕ್ಕೆ ಎಲ್ಲರೂ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಸೇರಬೇಕು, ಆರಕ್ಕೆ ಕೌಂಟರು ಮುಚ್ಚುತ್ತದೆ, ಆಮೇಲೆ ಬಂದವರಿಗಾಗಿ ಯಾರೂ ಕಾಯುವುದಿಲ್ಲ ಎಂದು ಆತ ಖಡಕ್ಕಾಗಿ ಹೇಳಿದ್ದ.

"ಈ ಸಲ ತಪ್ಪಿದ್ರೆ ಮುಗೀತು ಮೇಷ್ಟ್ರೇ. ಇವಳ ಮಂಡಿ ಇನ್ನೊಂದು ವರ್ಷ ತಡೆಯಂಗಿಲ್ಲ" ಎಂದಿದ್ದರು ಸಾಬರು. ಬೇಲಿಯ ಆ ಕಡೆ ನಿಂತು ಯಾತ್ರೆಯಲ್ಲಿ ಉಡುವ ಎರಡು ಬಿಳಿ ಬಟ್ಟೆಗಳನ್ನು ಮಡಿಚುತ್ತಿದ್ದರು. ಅದಕ್ಕೆ ಎಲ್ಲಿಯೂ ಒಂದು ಹೊಲಿಗೆ ಇರಬಾರದಂತೆ. "ನೋಡ್ರಿ, ಹುಟ್ಟಿದಾಗಿಂದ ಹೊಲಿದೋನು, ಹೊಲಿಗೆ ಇಲ್ಲದ ಬಟ್ಟೆ ಉಡಾಕೆ ಹೊಂಟೀನಿ" ಎಂದು ನಕ್ಕರು. ನಾನೂ ನಕ್ಕೆ. ತಕ್ಷಣ, ಆ ಬಟ್ಟೆಗೆ ಉಪ್ಪಿನಕಾಯಿ ಎಣ್ಣೆ ತಾಗಿದರೆ ಗತಿಯೇನು ಎಂದು ಯೋಚನೆಯೂ ಬಂತು.

ರಾತ್ರಿ ಬಸ್ಸಿನಲ್ಲಿ ಕೂತು ಹೋಗಲು ಹಸೀನಮ್ಮನವರ ಮಂಡಿ ಒಪ್ಪುವುದಿಲ್ಲ. ವಿಮಾನವೇ ಗತಿ. ಹಿಂದಿನ ದಿನದ ವಿಮಾನಕ್ಕೆ ಹೋಗಿ ತಮ್ಮನ ಮನೆಯಲ್ಲಿ ಮಲಗಿ ಎಂದು ನಾನು ಹೇಳಿದೆ. ಸಾಬರು ತಲೆಯಾಡಿಸಿ, ಒಂದು ಮಾತು ದೊಡ್ಡ ಮೇಷ್ಟ್ರನ್ನೂ ಕೇಳಿಬಿಡೋಣ ಎಂದರು. ಊರಲ್ಲಿ ಅವರು ದೊಡ್ಡ ಮೇಷ್ಟ್ರು, ನಾನು ಕನ್ನಡ ಮೇಷ್ಟ್ರು.

ದೊಡ್ಡ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದರು. ಎದ್ದರು. ಎಡಗಣ್ಣು ಮುಚ್ಚಿದರು. ಟಕ್.

"ನಾನೂರ ಎಂಬತ್ತು ಕಿಲೋಮೀಟರು. ಮೂವತ್ತೆರಡು ನಿಮಿಷ. ಯಾತ್ರೆ ದಿನವೇ ಮಧ್ಯಾಹ್ನ ಮೂರಕ್ಕೆ ಒಂದು ವಿಮಾನ ಐತೆ. ಮೂರೂವರೆಗೆ ಅಲ್ಲಿ. ಐದರ ತನಕ ಏನ್ ಮಾಡ್ತೀರಿ ಅನ್ನೋದೇ ಚಿಂತೆ. ಹಿಂದಿನ ದಿನ ಹೋಗಿ ಭಾವಮೈದುನನ ಮನ್ಯಾಗೆ ಯಾಕ್ರೀ ಬೀಳ್ತೀರಿ?"

"ಸಾರ್, ಟಿಕೆಟಿನಲ್ಲಿ ನಾಲ್ಕೂ ಮೂವತ್ತೈದಕ್ಕೆ ತಲುಪುತ್ತದೆ ಎಂದು ಬರೆದಿರುತ್ತಾರೆ. ನಾನು ಬುಕಿಂಗ್ ಅಂಗಡಿಯಲ್ಲಿ ನೋಡಿಕೊಂಡು ಬಂದಿದ್ದೇನೆ" ಎಂದೆ. ನನ್ನ ದನಿ ನಡುಗುತ್ತಿತ್ತು. ಸರಿಯಾದದ್ದನ್ನು ಹೇಳುವಾಗ ನನ್ನ ದನಿ ಯಾವಾಗಲೂ ನಡುಗುತ್ತದೆ.

ಮೇಷ್ಟರು ನನ್ನ ಕಡೆ ನೋಡಲೂ ಇಲ್ಲ. ಸಾಬರ ಹೆಗಲ ಮೇಲೆ ಕೈ ಹಾಕಿದರು. "ಸಾಬ್ರೇ, ನೀವು ಹುಡುಗ್ರ ಪ್ಯಾಂಟು ಹೊಲೀತೀರಿ. ಮುಂದಿನ ವರ್ಷ ಬೆಳೀತಾನೆ ಅಂತ ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡ್ತೀರೋ ಇಲ್ಲೋ?"

"ಬಿಡ್ತೀವಿ. ಬಿಡದಿದ್ರೆ ಹೆಂಗೆ?"

"ಹಂಗೇ ವಿಮಾನದೋರೂ ಟೈಮು ಮಡಚಿ ಬಿಟ್ಟಿರ್ತಾರೆ. ಮೂವತ್ತೆರಡು ನಿಮಿಷದ ದಾರಿಗೆ ಒಂದೂವರೆ ತಾಸು ಬರೀತಾರೆ. ಬೇಗ ಮುಟ್ಟಿದ್ರೆ ಜನ ಖುಷಿ ಆಗ್ಲಿ ಅಂತ."

ಸಾಬರ ಮುಖದಲ್ಲಿ ದೀಪ ಹತ್ತಿತು. ನನ್ನ ಎದೆಯಲ್ಲಿ ಆರಿತು. ಒಬ್ಬ ದರ್ಜಿಗೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ಹೊರಗೆ ಬಂದ ಮೇಲೂ ನಾನು ಬಿಡಲಿಲ್ಲ. "ಸಾಬ್ರೇ, ಆತ ಒಂದು ದಿನವಾದರೂ ವಿಮಾನ ಹತ್ತಿಲ್ಲ" ಎಂದೆ.

"ನಾನೂ ಡಿಸಿ ಸಾಹೇಬ್ರ ಕೋಟು ಹೊಲಿದೀನಿ, ಹಾಕ್ಕೊಂಡಿಲ್ಲ" ಎಂದರು ಸಾಬರು. "ಅರೆ, ನೀವು ಬಾಯಿಮಾತಿನಾಗೆ ಹೇಳ್ತೀರಿ ಮೇಷ್ಟ್ರೇ. ಅವರು ಸ್ಕೇಲು ಇಟ್ಟು ಹೇಳ್ತಾರೆ. ಅಳತೆ ತಗೊಂಡೋರನ್ನ ನಂಬಬೇಕು."

ಆಯಿತು. ಅದೇ ದಿನದ, ಅದೇ ಮೂರು ಗಂಟೆಯ ಟಿಕೆಟ್ಟು.

ಹೊರಡುವ ದಿನ ನಾನು ರಜೆ ಹಾಕಿದೆ. ನಾನಿದ್ದರೆ ಏನೂ ಆಗುವುದಿಲ್ಲವೆಂದಲ್ಲ, ಆದಾಗ ನಾನಿರಬೇಕು ಎಂದು. ರುದ್ರೇಶಿ ಎಂಬ ಬಾಡಿಗೆ ಕಾರಿನವನು ಬಂದ. ಹತ್ತಲು ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಆಗಲೇ ದೊಡ್ಡ ಮೇಷ್ಟ್ರು. "ನನ್ನ ಲೆಕ್ಕ, ನಾನು ಬರಬೇಕಲ್ಲ" ಎಂದರು. ರಜೆಯನ್ನೂ ಹಾಕಿರಲಿಲ್ಲ, ಮಕ್ಕಳಿಗೆ ಭಾರತದ ನದಿಗಳನ್ನು ಬರೆಯಲು ಹೇಳಿ ಬಂದಿದ್ದರು.

ಹೊನ್ನಾಳಿ ದಾಟುವ ಮೊದಲೇ ಟೀ ಕುಡಿಯೋಣ ಎಂದರು. ಕುಡಿದೆವು. ನ್ಯಾಮತಿ ಹತ್ತಿರ ಬರುತ್ತಿದ್ದಂತೆ, ಈ ರಸ್ತೆ ಸುಮ್ಮನೆ ಬಾಗುತ್ತದೆ, ಎಡಕ್ಕೆ ಇಳಿದರೆ ನೇರ ಹೋಗಬಹುದು ಎಂದು ಸ್ಕೇಲು ತೆಗೆದು ಗಾಜಿನ ಕಡೆ ತೋರಿಸಿದರು. ರುದ್ರೇಶಿ ಸ್ಟೇರಿಂಗು ಬಿಡದೆ ಹೇಳಿದ: "ಸಾರ್, ಎಡಕ್ಕೆ ಕೆರೆ ಐತೆ."

"ಕೆರೆ ದಾಟಿದ ಮೇಲೆ?"

"ದಾಟಿದ ಮೇಲೆ ನೀವೊಬ್ರೇ ಇರ್ತೀರಿ."

ಹಿಂದಿನ ಸೀಟಿನಲ್ಲಿ ಹಸೀನಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಆ ದಿನ ನನಗೆ ಸಿಕ್ಕ ಮೊದಲ ಸಂತೋಷ ಅದು. ದಾರಿಯುದ್ದಕ್ಕೂ ಅವರು ತಸ್ಬಿಯ ಮಣಿ ಎಣಿಸುತ್ತಿದ್ದರು. ನಾನು ಎಣಿಸುವುದಕ್ಕೆ ಮಣಿ ಇಲ್ಲದೆ ಮೈಲಿಗಲ್ಲು ಎಣಿಸುತ್ತಿದ್ದೆ.

ಸಮಯಕ್ಕೆ ಮುಂಚೆಯೇ ಮುಟ್ಟಿದೆವು. ಅದು ರುದ್ರೇಶಿಯ ಪುಣ್ಯ. ಗೇಟಿನಲ್ಲಿ ನಿಂತವರಿಗೆ ಕೈ ಮುಗಿದು, ಈ ತಾಯಿಗೆ ಮಂಡಿ ನೋವು, ಇಲ್ಲಿಯೂ ಹೈದರಾಬಾದಿನಲ್ಲಿಯೂ ಗಾಲಿಕುರ್ಚಿ ಬೇಕೇ ಬೇಕು ಎಂದು ಬೇಡಿಕೊಂಡೆ. ಅವರು ಬರೆದುಕೊಂಡರು. ಮೇಷ್ಟರು ಪಕ್ಕದಲ್ಲಿ ನಿಂತು, "ನಡೆಯೋರನ್ನ ಕುಂಟರು ಮಾಡ್ತೀರಲ್ರೀ. ಮೂವತ್ತೆರಡು ನಿಮಿಷಕ್ಕೆ ಕುರ್ಚಿ ಬೇರೆ ಕೇಡು" ಎಂದರು. ಸಾಬರು ಇಬ್ಬರ ಕೈಯನ್ನೂ ಹಿಡಿದುಕೊಂಡು, "ದುವಾ ಮಾಡ್ರಿ" ಎಂದು ಒಳಗೆ ಹೋದರು. ಗಾಜಿನ ಆ ಕಡೆಯಿಂದ ಹಸೀನಮ್ಮ ಕುರ್ಚಿಯಲ್ಲಿ ಕೂತೇ ತಿರುಗಿ ನೋಡಿದರು. ಹೊಸ ಸೀರೆಯುಟ್ಟ ಮದುವಣಗಿತ್ತಿಯ ಹಾಗೆ ಮುಖ ಹೊಳೆಯುತ್ತಿತ್ತು.

ಮೂರಾಯಿತು. ವಿಮಾನವೇ ಬಂದಿರಲಿಲ್ಲ. ಬರುವ ವಿಮಾನವೇ ತಿರುಗಿ ಹೋಗಬೇಕು. ಕಾರಿನ ಪಕ್ಕ ನಿಂತು ಆಕಾಶ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತು. ಕೊನೆಗೂ ಒಂದು ಚುಕ್ಕೆ ಕಂಡಿತು, ದೊಡ್ಡದಾಯಿತು, ಗುಡುಗುಡು ಸದ್ದು ಮಾಡುತ್ತಾ ನಮ್ಮ ಕಡೆಗೇ ಇಳಿದು ಬಂತು. ಎರಡು ರೆಕ್ಕೆಗೂ ಒಂದೊಂದು ದೊಡ್ಡ ಫ್ಯಾನು, ಗಿರ್ರನೆ ತಿರುಗುತ್ತಿತ್ತು.

ಮೇಷ್ಟರ ಬಾಯಿ ತೆರೆಯಿತು.

"ಇದೇನಿದು, ಫ್ಯಾನು?" ಎಂದರು ಸಣ್ಣ ದನಿಯಲ್ಲಿ.

"ಸಣ್ಣ ವಿಮಾನ ಸಾರ್. ಇಲ್ಲಿಂದ ಹೈದರಾಬಾದಿಗೆ ಹೋಗೋದು ಇದೇ" ಎಂದ ರುದ್ರೇಶಿ. "ಜೆಟ್ ವಿಮಾನ ಬೇರೆ, ಅದು ಜೋರು. ಇದು ಅದರ ಅರ್ಧದ ಮೇಲೆ ಸ್ವಲ್ಪ ಓ‌ಡತೈತೆ ಅಷ್ಟೆ. ನಾನು ದಿನಾ ಜನನ್ನ ಬಿಡಾಕೆ ಬರ್ತೀನಲ್ಲ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದ ಮೇಲೆ ಒಂಬೈನೂರು ಕುಸಿದು ಬೀಳುವುದನ್ನು ನೋಡಬೇಕೆಂದು ಎಷ್ಟು ವರ್ಷದಿಂದ ಕಾದಿದ್ದೆ! ಕೆನ್ನೆ ಒಂದು ಸಲ ಅದುರಿತು. ಕೈ ಜೇಬಿಗೆ ಹೋಗಿ ಸ್ಕೇಲನ್ನು ಮುಟ್ಟಿತು. ಎಡಗಣ್ಣು ಮುಚ್ಚಿತು. ಆಮೇಲೆ ಎದೆ ಮತ್ತೆ ಮುಂದಕ್ಕೆ ಬಂತು.

"ಫ್ಯಾನಿದ್ರೆ ಗಾಳಿ ಜಾಸ್ತಿ. ಇನ್ನೂ ಬೇಗ ಹೋಗತೈತೆ."

ಹೇಳಿ ಕಾರಿನಲ್ಲಿ ಕೂತುಕೊಂಡರು. ಇಂಥವರ ಜೊತೆ ವಾದ ಮಾಡಿ ಗೆದ್ದವರು ಇಲ್ಲ, ಸೋತವರೂ ಇಲ್ಲ, ಸುಸ್ತಾದವರು ಮಾತ್ರ ಇದ್ದಾರೆ.

ವಿಮಾನ ಹೊರಟಾಗ ಮೂರೂ ನಲವತ್ತು. ಟಿಕೆಟಿನ ಲೆಕ್ಕದಲ್ಲೇ ಹೋದರೂ ಇಳಿಯುವುದು ಐದೂ ಕಾಲಿಗೆ. ಆಮೇಲೆ ಸಾಮಾನು ಬರಬೇಕು, ಗುಂಪು ಹುಡುಕಬೇಕು, ಆರರೊಳಗೆ ಕೌಂಟರು ಮುಟ್ಟಬೇಕು, ಮಂಡಿ ನಡೆಯಬೇಕು. ಹಸೀನಮ್ಮನವರ ತಮ್ಮ ಕೊಟ್ಟಿದ್ದ ನಂಬರಿಗೆ ಫೋನು ಮಾಡಿ, ಗುಂಪಿನ ಮುಖಂಡನ ಹತ್ತಿರ ನನ್ನ ಹರಕು ಉರ್ದುವಿನಲ್ಲಿ ಅಂಗಲಾಚಿದೆ. ಆತ ಒಳ್ಳೆಯವನೇ. ಆದರೆ, "ನಲವತ್ತು ಜನ ಇದ್ದಾರೆ ಮಾಸ್ಟರ್ ಸಾಹೇಬ್, ಇಬ್ಬರಿಗಾಗಿ ನಾನು ವಿಮಾನ ನಿಲ್ಲಿಸಲಾರೆ. ಆರಕ್ಕೆ ನಾನು ಒಳಗೆ ಹೋಗಲೇಬೇಕು" ಎಂದ. ಮುಂದಿನ ಸೀಟಿನಿಂದ, "ಯಾರ ಹತ್ರ ಅಳ್ತಿದ್ದೀರಿ?" ಎಂಬ ಪ್ರಶ್ನೆ ಬಂತು.

ಸವಳಂಗದ ಹತ್ತಿರ ಮೇಷ್ಟರು ವಾಚು ನೋಡಿಕೊಂಡು ತೊಡೆಗೆ ಹೊಡೆದರು. "ಇಳಿದ್ರು ನೋಡ್ರಿ. ಫೋನು ಹಾಕ್ರಿ."

ಹಾಕಿದೆ. ಸ್ವಿಚ್ ಆಫ್.

"ಆನ್ ಮಾಡಾಕೆ ಮರೆತಿರ್ತಾರೆ. ಹಳೇ ಜನ."

ಹಳೇ ಜನ ಆಗ ರಾಯಚೂರನ್ನೂ ಮುಟ್ಟದೆ ಆಕಾಶದಲ್ಲೇ ಇದ್ದರು. ಅಲ್ಲಿಂದ ಕೆಳಗೆ ಬಿದ್ದರೆ ಎನ್ನುವುದೊಂದನ್ನು ನಾನು ಬೆಳಗಿನಿಂದ ಬೇಕೆಂದೇ ಯೋಚಿಸದೆ ಬಿಟ್ಟಿದ್ದೆ. ಈಗ ಅದನ್ನೂ ಯೋಚಿಸಿದೆ.

ನ್ಯಾಮತಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನದೆ ಮುಂದೆ ಹೋಗುವುದಿಲ್ಲ ಎಂದು ಮೇಷ್ಟರು ಕಾರು ನಿಲ್ಲಿಸಿದರು. ಆ ಅಂಗಡಿಯವನು ಹಿಂದೆ ಅಲ್ಲಿಯ ಶಾಲೆಯಲ್ಲಿ ಅವರ ಶಿಷ್ಯನಂತೆ. ಮಿರ್ಚಿ ಕರಿಯುವ ಜಾರಾ ಬಿಟ್ಟು ಓಡಿ ಬಂದು ಕಾಲು ಮುಟ್ಟಿದ. "ಸಾರ್, ಗೊತ್ತಾಯ್ತಾ? ಸಮಾಜದಾಗೆ ಎರಡು ಸಲ ಫೇಲಾಗಿದ್ನಲ್ಲ!" ಎಂದ ಹೆಮ್ಮೆಯಿಂದ. ಬಿಸಿ ಮಿರ್ಚಿ ಬಂತು. ಮೇಷ್ಟರು ಒಂದೊಂದನ್ನೇ ತೊಟ್ಟು ಹಿಡಿದು ಎತ್ತಿ ಸ್ವಸ್ಥವಾಗಿ ತಿಂದರು. ಎದುರಿಗೆ ನಾನು ಫೋನನ್ನು ಬೆಂಚಿನ ಮೇಲೆ ಮಲಗಿಸಿ ಅದರ ಮುಖ ನೋಡುತ್ತಾ ಕೂತೆ. ಐದಾಯಿತು. ಐದೂವರೆಯಾಯಿತು. ಹಸೀನಮ್ಮನವರ ತಮ್ಮನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಆರಕ್ಕೆ ಹತ್ತು ನಿಮಿಷ ಇದ್ದಾಗ ನನ್ನ ಕಣ್ಣ ಮುಂದೆ ಆ ಬಿಳಿ ಬಟ್ಟೆಗಳು ಮಡಿಕೆ ಬಿಚ್ಚದೆ ಹೊನ್ನಾಳಿಗೆ ವಾಪಸು ಬರುವುದು ಕಂಡಿತು. ಅವುಗಳನ್ನು ಯಾವ ಮುಖದಿಂದ ಬೇಲಿಯ ಈ ಕಡೆ ನಿಂತು ನೋಡಲಿ?

"ಸಾರ್," ಎಂದೆ, "ಅವರಿಗೆ ಏನಾದರೂ ಆದರೆ ನಾನು ನಿಮ್ಮನ್ನು ಕ್ಷಮಿಸೋದಿಲ್ಲ." ನನ್ನ ಜೀವನದಲ್ಲಿ ಯಾರಿಗೂ ಅಂಥ ಮಾತು ಹೇಳಿರಲಿಲ್ಲ. ಅಂಗಡಿಯವನು ಜಾರಾ ಎತ್ತಿದವನು ಹಾಗೆಯೇ ನಿಂತ.

ಮೇಷ್ಟರು ನಾಲಿಗೆಯಿಂದ ಹಲ್ಲಿನ ಸಂದಿಯ ಬೀಜ ತೆಗೆಯುತ್ತಾ, "ಒಂದು ಪ್ಲೇಟು ತಿನ್ರಿ. ಹಸಿದ ಹೊಟ್ಟೆಗೆ ಹಿಂಗೇ ಮಾತು ಬರ್ತವೆ" ಎಂದರು.

ಆರು ದಾಟಿತು. ಏಳು ನಿಮಿಷ ದಾಟಿತು. ಆಗ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ನನ್ನ ಬೆರಳು ಸ್ಪೀಕರಿಗೆ ಹೋಯಿತು. ಅಂಗಡಿಗೆಲ್ಲ ಕೇಳುವಂತೆ ಖಲೀಲ್ ಸಾಬರ ದನಿ:

"ಮೇಷ್ಟ್ರೇ! ಒಳಗೆ ಬಂದ್ಬಿಟ್ವಿ! ಗುಂಪಿನೋರ ಜೊತೀಗೆ ಕುಂತೀವಿ. ಕೌಂಟ್ರು ಇನ್ನೇನು ಮುಚ್ಚಾಕೆ ಹತ್ತಿದ್ರು, ಗಾಲಿಕುರ್ಚಿ ತಳ್ಳೋನು ಹಸೀನಾನ್ನ ಕೂರಿಸ್ಕೊಂಡು ಓಡಿದ ನೋಡ್ರಿ, ಎಲ್ಲರೂ ದಾರಿ ಬಿಟ್ರು, ನಾನು ಹಿಂದಿಂದ ಓಡಿದೆ. ಐದಕ್ಕೇ ಇಳಿಸಿದ್ರು ಮೇಷ್ಟ್ರೇ, ಟಿಕೀಟಿನಾಗೆ ಬರೆದ ಹಾರಾಟದ ಹೊತ್ತಿನಾಗೆ ಕಾಲು ತಾಸು ಉಳೀತು! ದೊಡ್ಡ ಮೇಷ್ಟ್ರು ಅದಾರಾ ಅಲ್ಲಿ? ಅವರು ಹೇಳಿದಂಗೇ ಆತು ಅಂತ ಹೇಳ್ರಿ. ಅಳತೆ ಅಂದ್ರೆ ಅಳತೆ!" ಹಿಂದಿನಿಂದ ಹಸೀನಮ್ಮನವರ ಅಳುವೋ ನಗುವೋ ತಿಳಿಯದ ಸದ್ದು. ಮುಖಂಡ ಯಾರನ್ನೋ ಕರೆಯುತ್ತಿದ್ದ. ಫೋನು ನಿಂತಿತು.

ವಿಮಾನ ಗಾಳಿಯಲ್ಲಿದ್ದದ್ದು ಮೂವತ್ತೆರಡು ನಿಮಿಷವಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷ. ಅವರನ್ನು ಮುಟ್ಟಿಸಿದ್ದು ಸ್ಕೇಲಲ್ಲ, ನಾನು ಕೈ ಮುಗಿದು ಕೇಳಿದ ಕುರ್ಚಿ. ಇದನ್ನು ಇಡೀ ನ್ಯಾಮತಿಗೆ ಕೇಳುವಂತೆ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಬರುವುದಿಲ್ಲ. ವಾಕ್ಯಗಳೂ ಸಿದ್ಧವಾಗಿದ್ದವು, ತಿಂಗಳಿನಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಎದ್ದು ನಿಂತೆ. ಆದರೆ ಕಣ್ಣು ತುಂಬಿಹೋಗಿ ಎದುರಿಗಿದ್ದವರು ಯಾರೆಂದೇ ಕಾಣುತ್ತಿರಲಿಲ್ಲ. ಮುಟ್ಟಿದರಲ್ಲ, ಮುಟ್ಟಿದರಲ್ಲ ಎನ್ನುವುದೊಂದು ಬಿಟ್ಟು ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಆ ದಿನ ನಡೆದ ಒಂದೇ ಒಂದು ಅನಾಹುತ ಆಗ ನಡೆಯಿತು. ರುದ್ರೇಶಿಯ ಮುಂದೆ, ಅಂಗಡಿಯವನ ಮುಂದೆ, ಮಿರ್ಚಿಗೆ ಕಾದಿದ್ದ ಅಷ್ಟೂ ಜನರ ಮುಂದೆ, ನನ್ನ ಎರಡೂ ಕೈ ತಾವಾಗಿ ಮುಗಿದುಕೊಂಡವು, ಬಾಯಿ ತಾನಾಗಿ ತೆರೆದುಕೊಂಡಿತು.

"ನೀವು ಹೇಳಿದ್ದೇ ಸರಿ ಸಾರ್" ಎಂದುಬಿಟ್ಟೆ.

ಮೇಷ್ಟರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಮಿರ್ಚಿಯನ್ನು ಎರಡು ತುಂಡು ಮಾಡಿ, ಸಣ್ಣ ತುಂಡನ್ನು ನನ್ನ ಕಡೆ ತಳ್ಳಿದರು.

"ತಗೊಳ್ರಿ. ಸರಿ ಉತ್ತರ ಹೇಳಿದೋರಿಗೆ ನಾನು ಯಾವಾಗ್ಲೂ ಏನಾದ್ರೂ ಕೊಡ್ತೀನಿ."

ನಾನು ತಿಂದೆ.